ಲ್ಯಾಪ್‌ಟಾಪ್ ಲಾಜಿಕ್ ಬೋರ್ಡ್: ದೋಷಪತ್ತೆ ಮತ್ತು ದುರಸ್ತಿ

ಪ್ರೊಸೆಸರ್, ಮೆಮೊರಿ, ಚಾರ್ಜಿಂಗ್ ವ್ಯವಸ್ಥೆ, ಡಿಸ್‌ಪ್ಲೇ ಮತ್ತು ಕೀಬೋರ್ಡಿನ ಸಂಪರ್ಕಗಳು, ಇವೆಲ್ಲವನ್ನೂ ಹೊತ್ತಿರುವ ಲ್ಯಾಪ್‌ಟಾಪಿನ ಮುಖ್ಯ ಸರ್ಕ್ಯೂಟ್ ಹಲಗೆಯೇ ಲಾಜಿಕ್ ಬೋರ್ಡ್. ಈ ಹೆಸರು ಆಪಲ್ ಕಂಪನಿಯ ಬಳಕೆ. ಉಳಿದ ತಯಾರಕರ ಕೈಪಿಡಿಗಳಲ್ಲಿ ಅದು ಮದರ್‌ಬೋರ್ಡ್ ಅಥವಾ ಸಿಸ್ಟಂ ಬೋರ್ಡ್, ರಿಪೇರಿ ಅಂಗಡಿಯ ಮಾತಿನಲ್ಲಿ ಬರೀ ಬೋರ್ಡು. ತಾಮ್ರದ ಹಲವು ಪದರಗಳನ್ನು ಒಂದರ ಮೇಲೊಂದು ಒತ್ತಿ ಮಾಡಿದ ಈ ಹಲಗೆಯ ಎರಡೂ ಮುಖಗಳಲ್ಲಿ ಸಾವಿರಕ್ಕೂ ಹೆಚ್ಚು ಬಿಡಿಭಾಗಗಳಿರುತ್ತವೆ. ಬಹುಪಾಲು ಸಾಸಿವೆ ಕಾಳಿಗಿಂತ ಚಿಕ್ಕವು.

‘ಬೋರ್ಡು ಹೋಗಿದೆ, ಬದಲಾಯಿಸಬೇಕು’ ಎಂಬ ಮಾತನ್ನು ಲ್ಯಾಪ್‌ಟಾಪ್ ಇಟ್ಟುಕೊಂಡವರಲ್ಲಿ ಕೇಳದವರು ಕಡಿಮೆ. ಹಾಗೆಂದಾಗ ನಿಜಕ್ಕೂ ಹೋಗಿರುವುದು ಎಷ್ಟೋ ಸಲ ಸಾವಿರ ಭಾಗಗಳಲ್ಲಿ ಒಂದೋ ಎರಡೋ ಮಾತ್ರ. ತಯಾರಕರ ಸೇವಾಕೇಂದ್ರಗಳು ಸಾಮಾನ್ಯವಾಗಿ ಇಡೀ ಬೋರ್ಡನ್ನು ತೆಗೆದು ಬೇರೆಯದನ್ನು ಕೂರಿಸುತ್ತವೆ. ಆ ಕೆಲಸ ಬೇಗ ಮುಗಿಯುತ್ತದೆ, ಆದರೆ ಖರ್ಚು ಹೆಚ್ಚು. ಕೆಟ್ಟ ಭಾಗವನ್ನಷ್ಟೇ ಹುಡುಕಿ ಬದಲಿಸುವುದಕ್ಕೆ ನಮ್ಮಲ್ಲಿ ಚಿಪ್ ಲೆವೆಲ್ ರಿಪೇರಿ ಎನ್ನುತ್ತಾರೆ. ಈ ಲೇಖನ ಅದನ್ನು ಕುರಿತದ್ದು. ಇದನ್ನು ಬೆಸುಗೆಯ ಕೈಚಳಕ ಎಂದು ತಿಳಿಯುವವರು ಬಹಳ. ಬೆಸುಗೆ ಕೊನೆಯ ಹತ್ತು ನಿಮಿಷದ ಕೆಲಸ. ಅದಕ್ಕೆ ಮುಂಚಿನದೆಲ್ಲ ಅಳತೆ ಮತ್ತು ಯೋಚನೆ.

ಕರೆಂಟು ಹರಿಯುವ ಕ್ರಮ

ಪವರ್ ಬಟನ್ ಒತ್ತಿದ ಕೂಡಲೇ ಬೋರ್ಡು ಒಂದೇ ಏಟಿಗೆ ಎಚ್ಚರಗೊಳ್ಳುವುದಿಲ್ಲ. ಕೆರೆಯ ತೂಬು ಎತ್ತಿದರೆ ಮೊದಲು ದೊಡ್ಡ ಕಾಲುವೆಗೆ ನೀರು, ಆಮೇಲೆ ಕವಲುಗಾಲುವೆಗೆ, ಕೊನೆಗೆ ಗದ್ದೆಗೆ. ಇಲ್ಲಿಯೂ ಅದೇ ಕ್ರಮ. ಒಂದು ಹಂತ ತುಂಬಿದ್ದು ಖಾತ್ರಿಯಾದ ಮೇಲೆಯೇ ಮುಂದಿನದಕ್ಕೆ ಅಪ್ಪಣೆ ಹೋಗುತ್ತದೆ.

ವಿಂಡೋಸ್ ಲ್ಯಾಪ್‌ಟಾಪುಗಳ ಸಾಂಪ್ರದಾಯಿಕ ಅಡಾಪ್ಟರಿನಿಂದ ಬರುವುದು 19 ವೋಲ್ಟ್ ಆಸುಪಾಸು, ಆಪಲಿನ 60 ವ್ಯಾಟಿನ ಮ್ಯಾಗ್‌ಸೇಫ್ ಚಾರ್ಜರಿನಿಂದ 16.5 ವೋಲ್ಟ್. ಯುಎಸ್‌ಬಿ-ಸಿ ಚಾರ್ಜರಿನಲ್ಲಿ ಮೊದಲು ಬರುವುದು ಬರೀ 5 ವೋಲ್ಟ್. ಚಾರ್ಜರ್ ಮತ್ತು ಬೋರ್ಡು ಮಾತಾಡಿಕೊಂಡ ಮೇಲಷ್ಟೇ ಅದು ಸಾಮಾನ್ಯವಾಗಿ 20 ವೋಲ್ಟ್‌ವರೆಗೆ ಏರುತ್ತದೆ. ಈ ವಿದ್ಯುತ್ತು ಕಾವಲಿನಂತಿರುವ ಮಾಸ್ಫೆಟ್ ಎಂಬ ಸ್ವಿಚ್ಚುಗಳನ್ನು ದಾಟಿ, ಚಾರ್ಜಿಂಗ್ ಐಸಿಯ ಹಿಡಿತದಲ್ಲಿ, ಬೋರ್ಡಿಗೆಲ್ಲ ವಿದ್ಯುತ್ತು ಹಂಚುವ ಮುಖ್ಯ ಬಸ್ಸಿಗೆ ಇಳಿಯುತ್ತದೆ. ಮೂರು ಸೆಲ್‌ಗಳು ಸಾಲಾಗಿ ಕೂತ ಮ್ಯಾಕ್‌ಬುಕ್ ಪ್ರೊಗಳಲ್ಲಿ ಈ ಬಸ್ಸಿನ ಅಳತೆ ಸುಮಾರು 12.6 ವೋಲ್ಟ್, ಅಂದರೆ ಪೂರ್ತಿ ತುಂಬಿದ ಸೆಲ್ಲಿನ 4.2 ವೋಲ್ಟ್‌ನ ಮೂರರಷ್ಟು.

ಬಸ್ಸಿನಿಂದ ಮೊದಲು ಹುಟ್ಟುವುದು ಸದಾ ಇರಬೇಕಾದ ಚಿಕ್ಕ ವೋಲ್ಟೇಜುಗಳು: ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ 3.3 ಮತ್ತು 5 ವೋಲ್ಟ್, ಹಳೆಯ ಮ್ಯಾಕ್‌ಬುಕ್‌ಗಳಲ್ಲಿ 3.42 ವೋಲ್ಟ್. ಇವು ಬಂದರೆ ಎಂಬೆಡೆಡ್ ಕಂಟ್ರೋಲರ್ ಎಂಬ ಪುಟ್ಟ ಚಿಪ್ ಕಣ್ಣು ಬಿಡುತ್ತದೆ. ಇಂಟೆಲ್ ಕಾಲದ ಆಪಲ್ ಯಂತ್ರಗಳಲ್ಲಿ ಅದರ ಹೆಸರು ಎಸ್‌ಎಂಸಿ. ಪವರ್ ಬಟನ್ನಿನ ತಂತಿ ಬಂದು ಸೇರುವುದು ಈ ಕಂಟ್ರೋಲರಿಗೇ, ಪ್ರೊಸೆಸರಿಗಲ್ಲ. ಅದು ಚಿಪ್‌ಸೆಟ್ಟಿಗೆ ಸುದ್ದಿ ಮುಟ್ಟಿಸುತ್ತದೆ, ಚಿಪ್‌ಸೆಟ್ ಎಸ್5, ಎಸ್4, ಎಸ್3, ಎಸ್0 ಎಂಬ ಹಂತಗಳಲ್ಲಿ ಒಂದೊಂದೇ ವಿದ್ಯುತ್ ಸಾಲನ್ನು ಎಬ್ಬಿಸುತ್ತದೆ. ಮೆಮೊರಿಗೆ ಬೇಕಾದದ್ದು ಮೊದಲು, ಪ್ರೊಸೆಸರಿನ ಕೋರ್ ವೋಲ್ಟೇಜ್ ಕೊನೆಯಲ್ಲಿ. ಎಲ್ಲ ಕಡೆಯಿಂದ ‘ಪವರ್ ಗುಡ್’ ಸಂಕೇತ ಬಂದ ಮೇಲೆ ರಿಸೆಟ್ ಬಿಡುಗಡೆಯಾಗಿ ಪ್ರೊಸೆಸರ್ ಬಯಾಸ್ ಚಿಪ್ಪಿನಿಂದ ಮೊದಲ ಸೂಚನೆಯನ್ನು ಓದುತ್ತದೆ.

ಹೆಚ್ಚು ವೋಲ್ಟೇಜನ್ನು ಕಡಿಮೆಗೆ ಇಳಿಸುವ ಪ್ರತಿ ಜಾಗದಲ್ಲೂ ಬಹುಮಟ್ಟಿಗೆ ಒಂದೇ ಸಂಸಾರ: ಒಂದು ನಿಯಂತ್ರಕ ಐಸಿ, ಮೇಲೊಂದು ಕೆಳಗೊಂದು ಮಾಸ್ಫೆಟ್, ಒಂದು ಕಾಯಿಲ್, ಸುತ್ತ ಕೆಪಾಸಿಟರುಗಳು. ಬೂದು ಬಣ್ಣದ ಚೌಕ ಇಟ್ಟಿಗೆಯಂತೆ ಕಾಣುವ ಕಾಯಿಲ್ ಅಳತೆಗೆ ಬಲು ಅನುಕೂಲ. ಮೀಟರಿನ ಕಡ್ಡಿಯನ್ನು ಅದರ ತುದಿಗೆ ಮುಟ್ಟಿಸಿದರೆ ಆ ಸಾಲಿನ ಸ್ಥಿತಿ ಗೊತ್ತಾಗುತ್ತದೆ. ಮೇಲಿನ ಮಾಸ್ಫೆಟ್ ಶಾರ್ಟ್ ಆದರೆ ಮಾತ್ರ ಕಥೆ ಕೆಡುತ್ತದೆ. 1 ವೋಲ್ಟ್ ಕುಡಿಯಬೇಕಾದ ಪ್ರೊಸೆಸರಿಗೆ ಬಸ್ಸಿನ ಪೂರ್ತಿ ವೋಲ್ಟೇಜು ನುಗ್ಗುತ್ತದೆ, ಆಮೇಲೆ ಉಳಿಸಲು ಏನೂ ಇರುವುದಿಲ್ಲ. ಸತ್ತ ಬೋರ್ಡಿಗೆ ಪರೀಕ್ಷಿಸದೆ ಚಾರ್ಜರ್ ಚುಚ್ಚಬಾರದು ಎನ್ನುವುದು ಇದೇ ಕಾರಣಕ್ಕೆ.

ದೋಷಪತ್ತೆ

ಒಳ್ಳೆಯ ರಿಪೇರಿಗಾರ ಮೊದಲು ಕೇಳುವುದು ಯಂತ್ರದ ಮಾಲೀಕರನ್ನು. ನೀರು ಬಿತ್ತೇ, ಬಿದ್ದ ಮೇಲೆ ಚಾರ್ಜಿಗೆ ಹಾಕಿದಿರಾ, ಇದಕ್ಕೆ ಮುಂಚೆ ಬೇರೆ ಯಾರಾದರೂ ಬಿಚ್ಚಿದ್ದರೇ? ಕೊನೆಯ ಪ್ರಶ್ನೆಗೆ ಉತ್ತರ ಹೌದಾದರೆ ಕೆಲಸ ಎರಡರಷ್ಟಾಗುತ್ತದೆ, ಏಕೆಂದರೆ ಮೂಲ ದೋಷದ ಜೊತೆಗೆ ಹಿಂದಿನವರ ಕೈಯಲ್ಲಿ ಆದದ್ದನ್ನೂ ಬಿಡಿಸಬೇಕು. ಆಮೇಲೆ ಬೋರ್ಡನ್ನು ಹೊರತೆಗೆದು ಮೈಕ್ರೋಸ್ಕೋಪಿನ ಕೆಳಗಿಟ್ಟು ಎರಡೂ ಮುಖ ನೋಡುವುದು. ಹಸಿರುಗಟ್ಟಿದ ತಾಮ್ರ, ಕಪ್ಪು ಕಲೆ, ಬಿರುಕು ಬಿಟ್ಟ ಕೆಪಾಸಿಟರ್, ಸ್ಥಳ ಬಿಟ್ಟ ಚೂರು: ಇವು ಅನೇಕ ಸಲ ಬರಿಗಣ್ಣಿಗೆ ಸಿಗುವುದೇ ಇಲ್ಲ.

ಮುಂದಿನ ಸುಳಿವು ಬೋರ್ಡು ಎಳೆಯುವ ಕರೆಂಟಿನದು. ಬೆಂಚ್ ಪವರ್ ಸಪ್ಲೈಗೆ ಜೋಡಿಸಿದಾಗ ಸೂಜಿ ಸೊನ್ನೆಯಲ್ಲೇ ನಿಂತರೆ ವಿದ್ಯುತ್ತು ಬಾಗಿಲನ್ನೇ ದಾಟಿಲ್ಲ. ಕೆಲವು ಮಿಲಿಆಂಪ್ ಬಂದು ಬಟನ್ ಒತ್ತಿದರೂ ಏರದಿದ್ದರೆ ಕಂಟ್ರೋಲರ್ ಎಚ್ಚೆತ್ತಿಲ್ಲ, ಇಲ್ಲವೇ ಅದಕ್ಕೆ ಅಪ್ಪಣೆ ತಲುಪಿಲ್ಲ. ಏರಿ ಇಳಿದು ಮತ್ತೆ ಏರುತ್ತಿದ್ದರೆ ಯಾವುದೋ ಸಾಲು ಎದ್ದ ಕೂಡಲೇ ಕುಸಿಯುತ್ತಿದೆ. ಯುಎಸ್‌ಬಿ-ಸಿ ಮ್ಯಾಕ್‌ಬುಕ್‌ಗಳಲ್ಲಿ ಪುಟ್ಟ ಯುಎಸ್‌ಬಿ ಮೀಟರ್ ಸಾಕು. ಅದು 5 ವೋಲ್ಟಿನಲ್ಲೇ ಅಂಟಿ ಕೂತು 20ಕ್ಕೆ ಏರದಿದ್ದರೆ ಮೊದಲು ಅನುಮಾನಿಸಬೇಕಾದ್ದರಲ್ಲಿ ಒಂದು ಚಾರ್ಜರಿನೊಂದಿಗೆ ಮಾತಾಡುವ ಚಿಪ್. 2016ರಿಂದ ಬಂದ ಇಂಟೆಲ್ ಮಾದರಿಗಳಲ್ಲಿ ಅದು ಸಿಡಿ3215.

ಅಳತೆಯ ಮುಖ್ಯ ಸಾಧನ ಇಂದಿಗೂ ಮಲ್ಟಿಮೀಟರ್, ಅದರಲ್ಲೂ ಡಯೋಡ್ ಮೋಡ್. ವಿದ್ಯುತ್ತಿಲ್ಲದ ಬೋರ್ಡಿನ ಗ್ರೌಂಡಿಗೆ ಕೆಂಪು ಕಡ್ಡಿ, ಪರೀಕ್ಷಿಸಬೇಕಾದ ಬಿಂದುವಿಗೆ ಕಪ್ಪು ಕಡ್ಡಿ. ಆರೋಗ್ಯವಾಗಿರುವ ಸಾಲುಗಳಲ್ಲಿ 0.3ರಿಂದ 0.6ರ ನಡುವಿನ ಸಂಖ್ಯೆ ಸಾಮಾನ್ಯ. ಸೊನ್ನೆಗೆ ಹತ್ತಿರವಾದರೆ ಶಾರ್ಟ್, ಏನೂ ತೋರದಿದ್ದರೆ ತಂತು ಕಡಿದಿದೆ. ಇಲ್ಲಿ ಹೊಸಬರು ಎಡವುವ ಒಂದು ಕಲ್ಲಿದೆ. ಪ್ರೊಸೆಸರಿನ ಕೋರ್ ಸಾಲಿನ ರೋಧ ಸಹಜವಾಗಿಯೇ ಕೆಲವೇ ಓಮ್, ದೊಡ್ಡ ಗ್ರಾಫಿಕ್ಸ್ ಚಿಪ್ಪುಗಳಲ್ಲಿ ಇನ್ನೂ ಕಡಿಮೆ. ಮೀಟರ್ ಬೀಪ್ ಎಂದಿತೆಂದು ಅದನ್ನು ಶಾರ್ಟ್ ಎಂದು ತೀರ್ಮಾನಿಸಿ ಒಳ್ಳೆಯ ಪ್ರೊಸೆಸರನ್ನು ಬಿಸಿ ಮಾಡಿ ಕಿತ್ತವರಿದ್ದಾರೆ. ಚೆನ್ನಾಗಿರುವ ಅದೇ ಮಾದರಿಯ ಬೋರ್ಡಿನ ಅಳತೆಯೊಂದಿಗೆ ಹೋಲಿಸುವುದೊಂದೇ ಇದಕ್ಕೆ ಮದ್ದು.

ಯಾವ ಬಿಂದುವಿನಲ್ಲಿ ಏನಿರಬೇಕು ಎಂದು ಹೇಳುವುದು ಸ್ಕೀಮ್ಯಾಟಿಕ್ ನಕ್ಷೆ. ಆ ಬಿಂದು ಬೋರ್ಡಿನ ಮೇಲೆ ಎಲ್ಲಿದೆ ಎಂದು ತೋರಿಸುವುದು ಬೋರ್ಡ್‌ವ್ಯೂ ಕಡತ. ಓಪನ್‌ಬೋರ್ಡ್‌ವ್ಯೂ ಎಂಬ ಉಚಿತ, ಮುಕ್ತ ತಂತ್ರಾಂಶದಲ್ಲಿ ಒಂದು ಭಾಗವನ್ನು ಒತ್ತಿದರೆ ಅದರ ಸಾಲಿಗೆ ಸೇರಿದ ಬಿಂದುಗಳೆಲ್ಲ ಹೊಳೆಯುತ್ತವೆ. ನಕ್ಷೆಯ ಹೆಸರುಗಳನ್ನು ಓದಲು ಕಲಿತರೆ ಅರ್ಧ ದಾರಿ ನಡೆದಂತೆ. ಆಪಲಿನ ನಕ್ಷೆಯಲ್ಲಿ ‘ಪಿಪಿ3ವಿ42_ಜಿ3ಎಚ್’ ಎಂದಿದ್ದರೆ ‘3ವಿ42’ ಎಂದರೆ 3.42 ವೋಲ್ಟ್, ದಶಾಂಶ ಬಿಂದುವಿನ ಜಾಗದಲ್ಲಿ ವಿ ಅಕ್ಷರ ಕೂತಿದೆ. ‘ಜಿ3ಎಚ್’ ಎಂದರೆ ಯಂತ್ರ ಆರಿಸಿದ್ದರೂ ಚಾರ್ಜರ್ ಅಥವಾ ಬ್ಯಾಟರಿ ಇರುವವರೆಗೆ ಈ ಸಾಲು ಜೀವಂತ. ಹಾಗಾಗಿ ಮ್ಯಾಗ್‌ಸೇಫ್ ಕನೆಕ್ಟರಿನ ದೀಪ ಹತ್ತದ ಹಳೆಯ ಮ್ಯಾಕ್‌ಬುಕ್ಕಿನಲ್ಲಿ ಮೊದಲು ಮುಟ್ಟಿ ನೋಡಬೇಕಾದ ಜಾಗಗಳಲ್ಲಿ ಇದೊಂದು. ದೀಪದ ಬಣ್ಣ ಹೇಳುವ ಎಸ್‌ಎಂಸಿ ಬದುಕುವುದೇ ಈ ಸಾಲಿನಿಂದ. ಇಷ್ಟು ಬೆಲೆಯುಳ್ಳ ನಕ್ಷೆಗಳನ್ನು ತಯಾರಕರು ಸಾಮಾನ್ಯವಾಗಿ ಪ್ರಕಟಿಸುವುದಿಲ್ಲ, ರಿಪೇರಿಗಾರರ ಕೈಗೆ ಅವು ಬರುವುದು ಅನಧಿಕೃತ ದಾರಿಗಳಲ್ಲಿ. ಈ ಕ್ಷೇತ್ರದ ದೊಡ್ಡ ಕೊರತೆ ಇದೇ. ಉಪಕರಣಗಳದ್ದು ಆಮೇಲಿನ ಮಾತು.

ಶಾರ್ಟ್ ಹುಡುಕುವ ಬಗೆ

ಒಂದು ಸಾಲು ಗ್ರೌಂಡಿಗೆ ಶಾರ್ಟ್ ಆಗಿದೆ ಎಂದು ಮೀಟರ್ ಹೇಳಬಲ್ಲದು. ಆ ಸಾಲಿನಲ್ಲಿ ಒಟ್ಟಿಗೆ ಜೋಡಿಸಿದ ನಲವತ್ತು ಕೆಪಾಸಿಟರುಗಳಿದ್ದರೆ ಯಾವುದು ಎಂದು ಹೇಳಲಾರದು. ಅದಕ್ಕೆ ಬಳಸುವ ಉಪಾಯ ವೋಲ್ಟೇಜ್ ಇಂಜೆಕ್ಷನ್: ಕೆಟ್ಟ ಸಾಲಿಗೇ ಹೊರಗಿನಿಂದ ಕಡಿಮೆ ವೋಲ್ಟೇಜ್ ಕೊಟ್ಟು, ಯಾವ ಭಾಗ ಬಿಸಿಯಾಗುತ್ತದೆ ಎಂದು ಕಾಯುವುದು. ಶಾರ್ಟಿನ ರೋಧ 0.2 ಓಮ್ ಇದ್ದು 1 ವೋಲ್ಟ್ ಕೊಟ್ಟರೆ 5 ಆಂಪ್ ಹರಿಯುತ್ತದೆ, 5 ವ್ಯಾಟ್ ಶಾಖದ ಬಹುಪಾಲು ಆ ಒಂದು ಚೂರಿನ ಮೇಲೆ ಬೀಳುತ್ತದೆ. ಕೊಡುವ ವೋಲ್ಟೇಜು ಆ ಸಾಲಿನ ಸಹಜ ವೋಲ್ಟೇಜನ್ನು ಎಂದೂ ಮೀರಬಾರದು. 1 ವೋಲ್ಟಿನಿಂದ ಆರಂಭಿಸುವುದು ಕ್ಷೇಮ.

ಬೋರ್ಡಿನ ಮೇಲೆ ಶೇ 99ರ ಐಸೋಪ್ರೊಪೈಲ್ ಆಲ್ಕೋಹಾಲನ್ನು ಬ್ರಷ್ಷಿನಿಂದ ತೆಳ್ಳಗೆ ಹಚ್ಚಿ ಸಪ್ಲೈ ಆನ್ ಮಾಡಿದಾಗ ನಡೆಯುವುದನ್ನು ನೋಡಬೇಕು. ಮೊದಲ ಕ್ಷಣ ಎಲ್ಲವೂ ಒದ್ದೆಯಾಗಿ ಮಿನುಗುತ್ತಿರುತ್ತದೆ. ಮರುಕ್ಷಣ ಒಂದು ಕಂದು ಕೆಪಾಸಿಟರಿನ ನೆತ್ತಿ ಒಣಗುತ್ತದೆ, ಒಣಗಿದ ವೃತ್ತ ಸುತ್ತಲ ಒದ್ದೆಯನ್ನು ದೂಡುತ್ತ ಅಗಲವಾಗುತ್ತದೆ. 1 ಮಿಲಿಮೀಟರ್ ಉದ್ದ, ಅರ್ಧ ಮಿಲಿಮೀಟರ್ ಅಗಲದ ಆ ಚೂರನ್ನು ಚಿಮಟದಿಂದ ಎತ್ತಿ, ಮತ್ತೆ ಮೀಟರ್ ಇಟ್ಟಾಗ ಸೊನ್ನೆ ತೋರುತ್ತಿದ್ದ ಜಾಗದಲ್ಲಿ 0.4ರ ಸಂಖ್ಯೆ ಮೂಡಿದರೆ ರೋಗ ಸಿಕ್ಕಿತು. ಥರ್ಮಲ್ ಕ್ಯಾಮೆರಾ ಇದ್ದವರಿಗೆ ಇದೇ ನೋಟ ಪರದೆಯ ಮೇಲೆ ಬಿಳಿ ಚುಕ್ಕೆಯಾಗಿ ಕಾಣುತ್ತದೆ. ಕೆಲವರು ರೋಸಿನ್ ಹೊಗೆಯ ಬಿಳಿ ಪುಡಿ ಕೂರಿಸಿ ಅದು ಎಲ್ಲಿ ಕರಗುತ್ತದೆ ಎಂದು ನೋಡುತ್ತಾರೆ. ಸೆರಾಮಿಕ್ ಕೆಪಾಸಿಟರುಗಳು ಹೀಗೆ ಶಾರ್ಟ್ ಆಗಲು ಮುಖ್ಯ ಕಾರಣ ಬೋರ್ಡು ಬಾಗಿದಾಗ ಅಥವಾ ಏಟು ಬಿದ್ದಾಗ ಒಳಪದರಗಳಲ್ಲಿ ಬೀಳುವ ಕಣ್ಣಿಗೆ ಕಾಣದ ಬಿರುಕು.

ನೀರು, ಕಾಫಿ, ಉಪ್ಪುಗಾಳಿ

ಲ್ಯಾಪ್‌ಟಾಪಿನ ಮೇಲೆ ಚೆಲ್ಲಿದ ನೀರಿಗಿಂತ, ನೀರು ಒಳಗಿರುವಾಗ ಹರಿಯುವ ಕರೆಂಟು ಹೆಚ್ಚು ಹಾನಿ ಮಾಡುತ್ತದೆ. ವೋಲ್ಟೇಜು ಇರುವ ಎರಡು ಬಿಂದುಗಳ ನಡುವೆ ದ್ರವ ಸೇತುವೆ ಕಟ್ಟಿದಾಗ ಧನಧ್ರುವದ ಕಡೆಯ ತಾಮ್ರ ಕರಗಿ ಅಯಾನುಗಳಾಗಿ ಚಲಿಸುತ್ತದೆ. ತೆಳ್ಳಗಿನ ತಂತುಗಳು ತಿಂದುಹೋಗುತ್ತವೆ, ಇನ್ನೊಂದು ಕಡೆ ಲೋಹದ ಎಳೆಗಳು ಬೆಳೆದು ಶಾರ್ಟ್ ಆಗುತ್ತದೆ. ಆರಿಸಿದ ಯಂತ್ರದಲ್ಲೂ ಬ್ಯಾಟರಿಯ ಸಾಲುಗಳು ಜೀವಂತವಾಗಿಯೇ ಇರುವುದರಿಂದ ಈ ಕ್ರಿಯೆ ರಾತ್ರಿಯಿಡೀ ನಡೆಯುತ್ತದೆ. ಹಾಗಾಗಿ ಮಾಡಬೇಕಾದ ಮೊದಲ ಕೆಲಸ ಚಾರ್ಜರ್ ಕಿತ್ತು, ತಳ ಬಿಚ್ಚಿ, ಬ್ಯಾಟರಿಯ ಕನೆಕ್ಟರನ್ನು ಬೇರ್ಪಡಿಸುವುದು. ಅಕ್ಕಿ ಡಬ್ಬಿಯಲ್ಲಿ ಹೂತಿಡುವುದರಿಂದ ಚಿಪ್ಪಿನಡಿಯ ಉಪ್ಪು, ಸಕ್ಕರೆ, ಹಾಲಿನ ಅಂಶ ಹೊರಬರುವುದಿಲ್ಲ. ಎರಡು ದಿನ ಅಕ್ಕಿಯಲ್ಲಿದ್ದು ‘ಸರಿಹೋದ’ ಯಂತ್ರ ಎರಡು ತಿಂಗಳ ಮೇಲೆ ಸತ್ತು ಬರುವುದು ಅಂಗಡಿಗಳಲ್ಲಿ ನಿತ್ಯದ ನೋಟ.

ಸರಿಯಾದ ಶುದ್ಧೀಕರಣಕ್ಕೆ ಬೋರ್ಡನ್ನು ಬೇರ್ಪಡಿಸಿ ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ತೊಳೆದು, ಆಲ್ಕೋಹಾಲಿನಲ್ಲಿ ಅದ್ದಿ ಒಣಗಿಸುತ್ತಾರೆ. ಬಹಳ ಸೂಕ್ಷ್ಮವಾದ ಒಂದು ಜಾಗ ಪರದೆಯ ಕನೆಕ್ಟರ್. ಹಿಂಬೆಳಕಿಗಾಗಿ ಅನೇಕ ಮ್ಯಾಕ್‌ಬುಕ್‌ಗಳಲ್ಲಿ ಸುಮಾರು 50 ವೋಲ್ಟ್ ಹೊತ್ತ ಪಿನ್ನು ಇಲ್ಲಿರುತ್ತದೆ, ಪಕ್ಕದಲ್ಲೇ ಚಿತ್ರದ ದತ್ತಾಂಶ ಹೊತ್ತ ಮಿದು ತಂತುಗಳು. ಅಲ್ಲೊಂದು ಹನಿ ನಿಂತರೆ ಆ ವೋಲ್ಟೇಜು ದತ್ತಾಂಶದ ತಂತು ಹಿಡಿದು ಚಿಪ್ಪಿನವರೆಗೂ ಹೋಗಬಲ್ಲದು. ಅದೃಷ್ಟವಿದ್ದರೆ ಹೋಗುವುದು ಹಿಂಬೆಳಕಿನ ಫ್ಯೂಸ್ ಮಾತ್ರ. ಆಗ ಪರದೆ ಕಪ್ಪಾಗಿದ್ದರೂ ಟಾರ್ಚ್ ಹಿಡಿದು ಓರೆಯಾಗಿ ನೋಡಿದರೆ ಚಿತ್ರ ಮಸುಕಾಗಿ ಕಾಣುತ್ತದೆ. ಏನೂ ಚೆಲ್ಲದಿದ್ದರೂ ಮಂಗಳೂರು, ಉಡುಪಿ, ಕಾರವಾರದಂಥ ಕಡಲತೀರದ ಊರುಗಳ ಉಪ್ಪು ತುಂಬಿದ ತೇವದ ಗಾಳಿ ತಾಮ್ರ ತಿನ್ನುವ ಇದೇ ಕೆಲಸವನ್ನು ನಿಧಾನವಾಗಿ ಮಾಡುತ್ತದೆ.

ಗ್ರಾಫಿಕ್ಸ್ ಚಿಪ್ಪಿನ ಪ್ರಕರಣಗಳು

ಲಾಜಿಕ್ ಬೋರ್ಡಿನ ಇತಿಹಾಸದಲ್ಲಿ ಹೆಚ್ಚು ಹಣ, ಹೆಚ್ಚು ತಪ್ಪು ತಿಳಿವಳಿಕೆ ಎರಡಕ್ಕೂ ಕಾರಣವಾದದ್ದು ಗ್ರಾಫಿಕ್ಸ್ ಚಿಪ್. 2006ರ ಜುಲೈ 1ರಿಂದ ಯೂರೋಪಿನ ಒಕ್ಕೂಟದಲ್ಲಿ ಎಲೆಕ್ಟ್ರಾನಿಕ್ ಸಾಧನಗಳಲ್ಲಿ ಸೀಸದ ಬಳಕೆಗೆ ನಿರ್ಬಂಧ ಬಂತು, ಉದ್ಯಮ ಸೀಸರಹಿತ ಬೆಸುಗೆಗೆ ತಿರುಗಿತು. 2008ರ ಜುಲೈನಲ್ಲಿ ಎನ್‌ವಿಡಿಯಾ ತನ್ನ ಕೆಲವು ಲ್ಯಾಪ್‌ಟಾಪ್ ಚಿಪ್ಪುಗಳ ಪ್ಯಾಕೇಜಿನ ಸಾಮಗ್ರಿಯಲ್ಲಿ ದೌರ್ಬಲ್ಯವಿದೆ ಎಂದು ಒಪ್ಪಿ 15ರಿಂದ 20 ಕೋಟಿ ಡಾಲರ್ ತೆಗೆದಿಟ್ಟಿತು. ಜೀಫೋರ್ಸ್ 8600ಎಂ ಜಿಟಿ ಇದ್ದ ಮ್ಯಾಕ್‌ಬುಕ್ ಪ್ರೊಗಳಿಗೂ ಅದರ ಬಿಸಿ ತಟ್ಟಿತು. 2011ರ 15 ಮತ್ತು 17 ಇಂಚಿನ ಮ್ಯಾಕ್‌ಬುಕ್ ಪ್ರೊಗಳಲ್ಲಿ ಎಎಂಡಿ ಚಿಪ್ಪುಗಳು ಕೈಕೊಟ್ಟವು. ಪರದೆಯಲ್ಲಿ ಗೆರೆ, ಚೂರುಚೂರಾದ ಚಿತ್ರ, ಇದ್ದಕ್ಕಿದ್ದಂತೆ ಮರುಚಾಲನೆ. ಆಪಲ್ 2015ರ ಫೆಬ್ರವರಿಯಲ್ಲಿ ಉಚಿತ ದುರಸ್ತಿ ಯೋಜನೆ ಪ್ರಕಟಿಸಿತು.

ಈ ಕಾಲದಲ್ಲೇ ಬೋರ್ಡನ್ನು ಅಡುಗೆ ಓವನ್ನಿನಲ್ಲಿ ಬೇಯಿಸುವ, ಚಿಪ್ಪಿನ ಮೇಲೆ ಹೀಟ್ ಗನ್ ಹಿಡಿಯುವ ರೂಢಿ ಹರಡಿತು. ಚಿಪ್ಪಿನಡಿಯ ಸೀಸರಹಿತ ಬೆಸುಗೆ ಗುಂಡುಗಳು ಸಡಿಲವಾಗಿವೆ, ಕರಗಿಸಿದರೆ ಕೂಡಿಕೊಳ್ಳುತ್ತವೆ ಎಂಬುದು ಅದರ ಹಿಂದಿನ ನಂಬಿಕೆ. ಆದರೆ ಎನ್‌ವಿಡಿಯಾ ಪ್ರಕರಣದಂಥ ದೋಷ ಇರುವುದು ಪ್ಯಾಕೇಜಿನ ಒಳಗೆ, ಸಿಲಿಕಾನ್ ತುಂಡನ್ನು ಅದರ ಪೀಠಕ್ಕೆ ಜೋಡಿಸುವ ಇನ್ನೂ ಸಣ್ಣ ಉಬ್ಬುಗಳಲ್ಲಿ. ಶಾಖಕ್ಕೆ ಅವು ಹಿಗ್ಗಿ ತಾತ್ಕಾಲಿಕವಾಗಿ ಮುಟ್ಟಿಕೊಳ್ಳುತ್ತವೆ, ಕೆಲವು ವಾರ ಯಂತ್ರ ನಡೆಯುತ್ತದೆ. ಅದನ್ನು ದುರಸ್ತಿಯೆಂದು ಹಣ ಪಡೆಯುವುದು ಗ್ರಾಹಕರಿಗೆ ಮಾಡುವ ಅನ್ಯಾಯ. ಅದೇ ಕೆಟ್ಟ ಚಿಪ್ಪಿಗೆ ಹೊಸ ಗುಂಡು ಕೂರಿಸಿ ‘ರೀಬಾಲ್’ ಮಾಡಿದರೂ ಒಳಗಿನ ದೋಷ ಹಾಗೇ ಇರುತ್ತದೆ. ಚಿಪ್ಪನ್ನೇ ಬದಲಿಸುವುದು, ಸಾಧ್ಯವಿರುವ ಮಾದರಿಗಳಲ್ಲಿ ಅದನ್ನು ನಿಷ್ಕ್ರಿಯಗೊಳಿಸಿ ಪ್ರೊಸೆಸರಿನ ಒಳಗಿನ ಗ್ರಾಫಿಕ್ಸ್ ಮೇಲೆ ನಡೆಸುವುದು, ಇವೇ ನಿಲ್ಲುವ ಪರಿಹಾರಗಳು.

ಎಲ್ಲ ಗ್ರಾಫಿಕ್ಸ್ ತೊಂದರೆಯೂ ಚಿಪ್ಪಿನದಲ್ಲ ಎಂಬುದಕ್ಕೆ 2010ರ ನಡುವಿನ 15 ಇಂಚಿನ ಮ್ಯಾಕ್‌ಬುಕ್ ಪ್ರೊ ಸಾಕ್ಷಿ. ಇಂಟೆಲ್ ಗ್ರಾಫಿಕ್ಸ್‌ನಿಂದ ಜಿಟಿ 330ಎಂ ಚಿಪ್ಪಿಗೆ ಬದಲಾಗುವಾಗ ಯಂತ್ರ ಕುಸಿಯುತ್ತಿತ್ತು. ಎಲ್ಲರ ಬೆರಳು ಚಿಪ್ಪಿನ ಕಡೆ. ಆಪಲ್ ಬೋರ್ಡು ಬದಲಿಸಿಕೊಡುವ ಯೋಜನೆ ನಡೆಸಿತು. ಸ್ವತಂತ್ರ ರಿಪೇರಿಗಾರರು ಕಂಡುಕೊಂಡದ್ದು ಬೇರೆ: ಗ್ರಾಫಿಕ್ಸ್ ಚಿಪ್ಪಿಗೆ ವಿದ್ಯುತ್ ಒದಗಿಸುವ ದಾರಿಯ ಸಿ9560 ಎಂಬ ಒಂದು ಕೆಪಾಸಿಟರ್ ದುರ್ಬಲವಾಗಿ, ಹೊರೆ ಬಿದ್ದ ಕ್ಷಣ ವೋಲ್ಟೇಜನ್ನು ಹಿಡಿದು ನಿಲ್ಲಿಸಲಾರದೆ ಹೋಗುತ್ತಿತ್ತು. ಆ ಒಂದು ಭಾಗ ಬದಲಿಸಿದ ಯಂತ್ರಗಳು ಮತ್ತೆ ವರ್ಷಗಟ್ಟಲೆ ನಡೆದವು.

ಬೆಸುಗೆ

ಕಾರ್ಖಾನೆಯ ಸೀಸರಹಿತ ಬೆಸುಗೆ 217 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗಲು ಆರಂಭಿಸುತ್ತದೆ, ಶೇ 63 ತವರ ಮತ್ತು ಶೇ 37 ಸೀಸದ ಹಳೆಯ ಮಿಶ್ರಣ 183ರಲ್ಲಿ. ರಿಪೇರಿಗಾರರು ಭಾಗ ತೆಗೆಯುವ ಮುನ್ನ ಸೀಸದ ಬೆಸುಗೆ ಬೆರೆಸಿ ಕರಗುವ ಬಿಂದುವನ್ನು ಇಳಿಸಿಕೊಳ್ಳುವುದು ಇದಕ್ಕಾಗಿ. ಬೋರ್ಡಿನ ಒಳಗಿನ ಗ್ರೌಂಡ್ ಪದರ ಶಾಖವನ್ನು ಹೀರುವುದರಿಂದ ಬಿಸಿಗಾಳಿ ಯಂತ್ರದ ತಾಪವನ್ನು ಇನ್ನೂ ಬಹಳ ಮೇಲೆ ಇಡಬೇಕಾಗುತ್ತದೆ, ದೊಡ್ಡ ಚಿಪ್ಪಾದರೆ ಕೆಳಗಿನಿಂದಲೂ ಬಿಸಿ ಕೊಡಬೇಕು. ಫ್ಲಕ್ಸ್ ಕಡಿಮೆಯಾದರೆ ಬೆಸುಗೆ ಹರಿಯುವುದಿಲ್ಲ. ಅವಸರದಲ್ಲಿ ಎಳೆದರೆ ಭಾಗದ ಜೊತೆ ತಾಮ್ರದ ಪ್ಯಾಡೂ ಕಿತ್ತುಬರುತ್ತದೆ. ಕಿತ್ತ ಪ್ಯಾಡನ್ನು ಕೂದಲೆಳೆಯಂಥ ಎನಾಮೆಲ್ ತಂತಿಯಿಂದ ಮರುಜೋಡಿಸಿ, ನೇರಳಾತೀತ ಬೆಳಕಿಗೆ ಗಟ್ಟಿಯಾಗುವ ಹಸಿರು ಲೇಪನದಿಂದ ಮುಚ್ಚುತ್ತಾರೆ.

ಎಂಟು ಕಾಲಿನ ಬಯಾಸ್ ಚಿಪ್ಪಿನ ಬರಹ ಕೆಟ್ಟಾಗ ಅದನ್ನು ಪ್ರೋಗ್ರಾಮರಿನಲ್ಲಿಟ್ಟು ಹೊಸದಾಗಿ ಬರೆಯಬೇಕು. ಮೊದಲು ಹಳೆಯದನ್ನು ಓದಿ ಉಳಿಸಿಕೊಳ್ಳದೆ ಏನನ್ನೂ ಬರೆಯಕೂಡದು. ಅನೇಕ ಯಂತ್ರಗಳಲ್ಲಿ ಸೀರಿಯಲ್ ಸಂಖ್ಯೆ, ವಿಂಡೋಸ್ ಪರವಾನಗಿಯ ಕೀಲಿ ಅದರಲ್ಲೇ ಇರುತ್ತವೆ. 1.8 ವೋಲ್ಟಿನ ಚಿಪ್ಪಿಗೆ 3.3 ವೋಲ್ಟ್ ಕೊಟ್ಟು ಸುಟ್ಟ ಉದಾಹರಣೆಗಳೂ ಕಡಿಮೆಯಿಲ್ಲ.

ದತ್ತಾಂಶ ಮತ್ತು ಹಕ್ಕು

ಹಾರ್ಡ್ ಡಿಸ್ಕ್ ಕಳಚಬಹುದಾಗಿದ್ದ ಕಾಲದಲ್ಲಿ ಬೋರ್ಡು ಸತ್ತರೂ ಫೋಟೋ, ಕಡತಗಳು ಉಳಿಯುತ್ತಿದ್ದವು. 2018ರ ಮ್ಯಾಕ್‌ಬುಕ್ ಪ್ರೊಗಳಿಂದೀಚೆಗೆ ಬೋರ್ಡಿಗೇ ಬೆಸೆದ ಸಂಗ್ರಹದ ಚಿಪ್ಪುಗಳ ಗೂಢಲಿಪಿಯ ಕೀಲಿ ಟಿ2 ಚಿಪ್ಪಿನಲ್ಲಿದೆ. 2020ರಿಂದ ಬಂದ ಎಂ ಸರಣಿಯಲ್ಲಿ ಆ ಕೆಲಸ ಮುಖ್ಯ ಪ್ರೊಸೆಸರಿನದೇ. ಸಂಗ್ರಹದ ಚಿಪ್ಪು ಕಿತ್ತು ಬೇರೆಡೆ ಓದಿದರೆ ಸಿಗುವುದು ಅರ್ಥವಿಲ್ಲದ ಅಂಕೆಗಳು. ಪ್ರತಿ ಉಳಿಸಿಕೊಳ್ಳದವರಿಗೆ ಮೂಲ ಬೋರ್ಡು ಮತ್ತೆ ಬದುಕುವುದೊಂದೇ ದಾರಿ. ಹಾಗಾಗಿ ಪಿಎಚ್‌ಡಿ ಪ್ರಬಂಧವೋ ಮಗುವಿನ ಮೊದಲ ವರ್ಷದ ಚಿತ್ರಗಳೋ ಇರುವ ಬೋರ್ಡಿಗೆ ಯಂತ್ರದ ಬೆಲೆಗಿಂತ ಹೆಚ್ಚಿನ ಬೆಲೆಯಿದೆ. ಬದಲಾವಣೆಯನ್ನೇ ದುರಸ್ತಿ ಎನ್ನುವ ಪದ್ಧತಿ ಈ ಬೆಲೆಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಅಮೆರಿಕದ ಲೂಯಿ ರೋಸ್‌ಮನ್ ನ್ಯೂಯಾರ್ಕಿನ ತಮ್ಮ ಅಂಗಡಿಯಲ್ಲಿ ಬೋರ್ಡು ದುರಸ್ತಿ ಮಾಡುತ್ತ ಪ್ರತಿ ಅಳತೆಯನ್ನೂ ವಿವರಿಸುವ ವೀಡಿಯೊಗಳನ್ನು ಯೂಟ್ಯೂಬಿಗೆ ಹಾಕಿದರು. ಜಗತ್ತಿನಾದ್ಯಂತ ಅನೇಕರು ಈ ವಿದ್ಯೆ ಕಲಿತದ್ದು ಅವುಗಳಿಂದ. ದುರಸ್ತಿಯ ಹಕ್ಕಿಗಾಗಿ ಅವರು ಶಾಸನಸಭೆಗಳ ಮುಂದೆಯೂ ವಾದಿಸಿದರು. ನ್ಯೂಯಾರ್ಕ್ ರಾಜ್ಯದ ದುರಸ್ತಿ ಹಕ್ಕಿನ ಕಾನೂನಿಗೆ 2022ರ ಡಿಸೆಂಬರಿನಲ್ಲಿ ಸಹಿ ಬಿತ್ತು. ಆದರೆ ಸುರಕ್ಷತೆಯ ಕಾರಣವಿದ್ದರೆ ಬಿಡಿಭಾಗದ ಬದಲು ಇಡೀ ಜೋಡಣೆಯನ್ನೇ ಮಾರಬಹುದೆಂಬ ವಿನಾಯಿತಿ ಅದರಲ್ಲಿ ಸೇರಿತು. ಚಿಪ್ ಲೆವೆಲ್ ಕೆಲಸಗಾರರಿಗೆ ಬೇಕಾದದ್ದು ಬಿಡಿಭಾಗವೇ. ಭಾರತದಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ಈ ಬಗ್ಗೆ ಸಮಿತಿ ರಚಿಸಿತು, ಅದೇ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿನ ಪೋರ್ಟಲ್ ತೆರೆಯಿತು. ನಕ್ಷೆಗಳನ್ನು ಕೊಡಲೇಬೇಕೆಂಬ ಕಟ್ಟು ಅದರಿಂದ ಹುಟ್ಟಿಲ್ಲ.

ದುರಸ್ತಿಗೆ ಒಗ್ಗದ ಬೋರ್ಡುಗಳೂ ಇವೆ. ಒಳಪದರ ಸುಟ್ಟು ಕಪ್ಪಾದದ್ದು, ಪ್ರೊಸೆಸರಿಗೇ ಹೆಚ್ಚಿನ ವೋಲ್ಟೇಜು ನುಗ್ಗಿದ್ದು, ಹಿಂದಿನ ಕೈಗಳು ಪ್ಯಾಡುಗಳನ್ನೆಲ್ಲ ಕಿತ್ತದ್ದು. ಇಂಥವನ್ನು ರಿಪೇರಿಗಾರರು ಎಸೆಯುವುದಿಲ್ಲ, ಡೋನರ್ ಎಂದು ಹೆಸರಿಟ್ಟು ತೆಗೆದಿಡುತ್ತಾರೆ. ಹೊಸದಾಗಿ ಮಾರುಕಟ್ಟೆಯಲ್ಲಿ ಸಿಗದ ಚಾರ್ಜಿಂಗ್ ಐಸಿ, ಎಸ್‌ಎಂಸಿ, ಕನೆಕ್ಟರುಗಳು ಮುಂದಿನ ಬೋರ್ಡಿಗೆ ಬರುವುದು ಇವುಗಳಿಂದಲೇ. ಬೆಂಗಳೂರಿನ ಎಸ್.ಪಿ. ರಸ್ತೆಯ ಇಕ್ಕಟ್ಟಿನ ಅಂಗಡಿಗಳಲ್ಲಿ ಹುಡುಕುವವರು ಮಾದರಿಯ ಹೆಸರಿಗಿಂತ ಮೊದಲು ಬೋರ್ಡಿನ ಅಂಚಿನಲ್ಲಿ ಅಚ್ಚಾಗಿರುವ ಸಂಖ್ಯೆಯನ್ನು ಓದುತ್ತಾರೆ. ಆಪಲಿನದಾದರೆ ಅದು 820ರಿಂದ ಆರಂಭವಾಗುತ್ತದೆ.